ಮೂರು ಬಾಣಗಳ ಮಹಿಮೆ

ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಒಂದನ್ನೊಂದು ಅಟ್ಟಿಸಿಕೊಂಡು ಓಡುವ ಮೂರು ಬಾಣಗಳಿರುತ್ತವೆ. ಅವುಗಳನ್ನು ಕಂಡೊಡನೆ ನಮ್ಮ ಆತ್ಮಸಾಕ್ಷಿ ಮಗ್ಗುಲು ಬದಲಿಸಿ ಮತ್ತೆ ನಿದ್ದೆಗೆ ಜಾರುತ್ತದೆ. ಬಾಟಲಿ ಹೇಗಿದ್ದರೂ ಮರುಹುಟ್ಟು ಪಡೆಯುತ್ತದೆ. ಇನ್ನೊಂದನ್ನು ಕೊಳ್ಳಲು ಅಡ್ಡಿಯೇನು?

ಈ ಬಾಣಗಳನ್ನು 1970ರಲ್ಲಿ ಗ್ಯಾರಿ ಆ್ಯಂಡರ್ಸನ್ ಎಂಬ ವಿದ್ಯಾರ್ಥಿ ಬರೆದದ್ದು ಕಾಗದದ ಮರುಬಳಕೆಗಾಗಿ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮ ಅವುಗಳ ನಡುವೆ 1ರಿಂದ 7ರವರೆಗಿನ ಅಂಕಿಗಳನ್ನು ಕೂರಿಸಿತು. ಅಂಕಿ ಹೇಳುವುದು ಪಾಲಿಮರ್‌ನ, ಅಂದರೆ ಪ್ಲಾಸ್ಟಿಕ್ಕಾಗುವ ಉದ್ದ ಅಣುಸರಪಳಿಯ, ಕುಲಗೋತ್ರವನ್ನಷ್ಟೇ: 1 ಎಂದರೆ ನೀರಿನ ಬಾಟಲಿಯ ಪಿಇಟಿ, 3 ಎಂದರೆ ಕೊಳವೆಗಳ ಪಿವಿಸಿ, 6 ಎಂದರೆ ಥರ್ಮೋಕೋಲಿನ ಪಾಲಿಸ್ಟೈರೀನ್. 7 ಎಂದರೆ ‘ಇತರೆ’. ಯಾವ ಕಡತಕ್ಕೂ ಸೇರದ ಅರ್ಜಿಗಳನ್ನು ತುರುಕಲು ಪ್ರತಿ ಕಚೇರಿಯಲ್ಲೂ ಇರುವ ಆ ಪೂಜ್ಯ ಕಪಾಟು ಇಲ್ಲೂ ಇದೆ. ಮತ್ತೆ ಹುಟ್ಟಿ ಬರುತ್ತೇನೆಂದು ಯಾವ ಅಂಕಿಯೂ ಭಾಷೆ ಕೊಟ್ಟಿಲ್ಲ. 2013ರಲ್ಲಿ ಮಾನದಂಡ ತಿದ್ದಿ ಬಾಣಗಳ ಬದಲು ಬರಿಯ ತ್ರಿಕೋನ ಸಾಕೆಂದರು. ಹಳೆಯ ಅಚ್ಚುಗಳು ಮಾತ್ರ ಬಾಣ ಬಿಡುತ್ತಲೇ ಇವೆ.

ಲೆಕ್ಕವೂ ಸಿಕ್ಕಿದೆ. 2017ರ ಅಧ್ಯಯನವೊಂದರ ಪ್ರಕಾರ 2015ರವರೆಗೆ ತಯಾರಾದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಕಸವಾದದ್ದು 630 ಕೋಟಿ ಟನ್. ಆ ಕಸದಲ್ಲಿ ಮರುಬಳಕೆಯ ಭಾಗ್ಯ ಕಂಡದ್ದು ಶೇ 9, ಸುಟ್ಟದ್ದು ಶೇ 12. ಭಾಗ್ಯವಂತರಲ್ಲೂ ಎರಡನೇ ಸುತ್ತು ಹಾಕಿದ್ದು ಹತ್ತರಲ್ಲೊಂದು ಪಾಲು ಮಾತ್ರ. ಕರಗಿಸಿದಷ್ಟೂ ಅಣುಸರಪಳಿ ತುಂಡಾಗುತ್ತದೆ, ಬಲ ಕುಗ್ಗುತ್ತದೆ. ಪಿಇಟಿ ರಾಶಿಯಲ್ಲಿ ಒಂದಿಷ್ಟು ಪಿವಿಸಿ ನುಸುಳಿದರೆ ಅದು ಕಾವಿಗೆ ಹೈಡ್ರೋಕ್ಲೋರಿಕ್ ಆಮ್ಲ ಕಾರಿ ಇಡೀ ಪಾಕವನ್ನು ಕೆಡಿಸುತ್ತದೆ. ಪ್ಲಾಸ್ಟಿಕ್ಕು, ಫಾಯಿಲ್ಲು ಒಂದರ ಮೇಲೊಂದು ಅಂಟಿಕೊಂಡ ಕುರುಕಲು ಪೊಟ್ಟಣವನ್ನು ಬಿಡಿಸುವುದಂತೂ ದೂರದ ಮಾತು. ಅದನ್ನು ಹಾಗೆ ಅಂಟಿಸಿದವರಿಗೆ ಪ್ರಶಸ್ತಿ. ಅದನ್ನು ಬೇರ್ಪಡಿಸದ ಗ್ರಾಹಕನಿಗೆ ಉಪದೇಶ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಇದಕ್ಕೇ.

ಬಾಣ ನಂಬದವರಿಗಾಗಿ ‘ಜೈವಿಕವಾಗಿ ಕರಗುವ’ ಚೀಲವಿದೆ, ಬಣ್ಣ ಕಡ್ಡಾಯವಾಗಿ ಹಸಿರು. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಅಂಥದೊಂದನ್ನು ಮಣ್ಣಿನಲ್ಲಿ, ಸಮುದ್ರದಲ್ಲಿ ಮೂರು ವರ್ಷ ಇಟ್ಟು ತೆಗೆದರು. 2019ರಲ್ಲಿ ಪ್ರಕಟವಾದ ಫಲಿತಾಂಶ: ಅದರಲ್ಲಿ ಇನ್ನೂ ಸಾಮಾನು ಹೊರಬಹುದು! ಇಂಥ ಚೀಲದ ಮೇಲೆ ‘ಕರಗುವ’ ಎಂದು ಅಚ್ಚು ಹಾಕಿ ಅವಮಾನಿಸುವ ಬದಲು ವಾರಂಟಿ ಕೊಡಬಹುದಿತ್ತು.

ಇನ್ನುಳಿದಿರುವುದು ಬ್ಯಾಕ್ಟೀರಿಯಾ. ಜಪಾನಿನ ಸಕಾಯ್‌ನಲ್ಲಿ ಪಿಇಟಿ ತಿನ್ನುವ ಜೀವಿಯೊಂದು ಸಿಕ್ಕಿದೆ ಎಂದು 2016ರಲ್ಲಿ ಪ್ರಕಟವಾದದ್ದೇ ತಡ, ಪ್ಲಾಸ್ಟಿಕ್ ಸಮಸ್ಯೆ ಮುಗಿಯಿತೆಂದು ತಲೆಬರಹಗಳು ಬಂದವು. ಸಂಶೋಧನೆ ನಿಜಕ್ಕೂ ಸೊಗಸಾದದ್ದು. ಅದರ ಕೊರಳಿಗೆ ನಮ್ಮ ಕಸದ ಗುಡ್ಡ ಕಟ್ಟಿದ್ದು ನಾವು. ಆ ಜೀವಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆಳುವಾದ ಪದರವೊಂದನ್ನು ಮುಗಿಸಲು ಸುಮಾರು ಆರು ವಾರ ತೆಗೆದುಕೊಂಡಿತು. ಅದೂ ಸ್ಫಟಿಕ ಗುಣ ಕಡಿಮೆಯಿರುವ, ಮೆದು ಪದರ. ಬಾಟಲಿಯ ಗಟ್ಟಿ ಪಿಇಟಿ ಅದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಮೊದಲು ಕಾಯಿಸಿ, ಹದಗೊಳಿಸಿ, ತೆಳ್ಳಗೆ ಬಡಿಸಬೇಕು. ಬಡಿಸುವವರು ಯಾರೆಂದು ತೀರ್ಮಾನಿಸುವ ಸಮಿತಿ ಇನ್ನೂ ರಚನೆಯಾಗಿಲ್ಲ.