ಗೌಜಲಕ್ಕಿಯೂ ಕಲ್ಲುಹೂವೂ

ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ಬೆಟ್ಟದ ತಪ್ಪಲಿನ ಕುರುಚಲು ಕಾಡಿನಲ್ಲಿ ಬೆಳಗಿನ ಹೊತ್ತು ನಡೆಯುವವರಿಗೆ ಗೌಜಲಕ್ಕಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಕಳೆದ ವಾರ ಅಲ್ಲಿನ ಬಂಡೆಯೊಂದಕ್ಕೆ ಒರಗಿ ಕುಳಿತಿದ್ದಾಗ, ಐದಾರು ಹೆಜ್ಜೆ ದೂರದಲ್ಲಿ ನೆಲವೇ ಎದ್ದು ಓಡಿದಂತೆ ಒಂದು ಜೋಡಿ ಪೊದೆಯೊಳಗೆ ನುಗ್ಗಿತು. ಕಂದು ಮೈಯ ಸಣ್ಣ ಅಡ್ಡಗೆರೆಗಳು ಒಣಹುಲ್ಲಿನಲ್ಲಿ ಎಷ್ಟು ಬೆರೆತಿದ್ದವೆಂದರೆ, ಕದಲುವವರೆಗೂ ಅಲ್ಲಿ ಹಕ್ಕಿಗಳಿದ್ದುದೇ ನನಗೆ ತಿಳಿದಿರಲಿಲ್ಲ.

ಆ ಸಡಗರ ಮುಗಿದ ಮೇಲಷ್ಟೇ ನಾನು ಒರಗಿದ್ದ ಬಂಡೆಯನ್ನು ನೋಡಿದೆ. ಅದರ ತುಂಬ ಬೂದಿ, ತಿಳಿಹಸಿರು ಬಣ್ಣದ ಮಚ್ಚೆಗಳಿದ್ದವು. ಕಲ್ಲುಹೂವು ಎಂದರೆ ನಮಗೆ ನೆನಪಾಗುವುದು ಮಸಾಲೆ ಡಬ್ಬಿಯಲ್ಲಿರುವ, ಒಣಗಿದ ಎಲೆಯಂತೆ ಸುರುಟಿಕೊಂಡ ಜಾತಿ. ಬಂಡೆಯ ಮೇಲಿನದು ಬಳಿದ ಬಣ್ಣದ ಹಾಗೆ ಕಲ್ಲನ್ನೇ ಕಚ್ಚಿಕೊಂಡಿರುವ ಅದರ ದಾಯಾದಿ. ಕಲ್ಲುಹೂವು ಒಂದೇ ಜೀವಿಯಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೋಡಿ. ಶಿಲೀಂಧ್ರ ಆಸರೆ ಕೊಡುತ್ತದೆ, ಅದರೊಳಗಿನ ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ. 1860ರ ದಶಕದಲ್ಲಿ ಸ್ವಿಸ್ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ ಇದು ಇಬ್ಬರ ಸಂಸಾರವೆಂದು ಹೇಳಿದಾಗ, ಜೀವನವಿಡೀ ಕಲ್ಲುಹೂವನ್ನೇ ಓದಿಕೊಂಡಿದ್ದ ಪಂಡಿತರಲ್ಲಿ ಹಲವರು ಅವರನ್ನು ನಂಬಲಿಲ್ಲ. ಬೇಸಿಗೆಯಲ್ಲಿ ಸತ್ತಂತೆ ಒಣಗಿರುವ ಈ ಮಚ್ಚೆಗಳ ಮೇಲೆ ಬಾಟಲಿಯ ನೀರನ್ನು ಸ್ವಲ್ಪ ಚಿಮುಕಿಸಿದೆ. ನೋಡನೋಡುತ್ತಿದ್ದಂತೆ ಬಣ್ಣ ಗಾಢವಾಯಿತು.

ಇವೆರಡರಲ್ಲಿ ಕಾಪಾಡಬೇಕಾದದ್ದು ಯಾವುದು ಎಂದರೆ ನಾವೆಲ್ಲ ಹಕ್ಕಿಯತ್ತಲೇ ಬೆರಳು ತೋರಿಸುತ್ತೇವೆ. ಅದು ತಪ್ಪಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದ್ದರೂ ಉರುಳೊಡ್ಡುವವರು ಇದ್ದಾರೆ. ಆದರೆ ಗೌಜಲಕ್ಕಿ ನೆಲದ ಗುಳಿಯಲ್ಲಿ ನಾಲ್ಕರಿಂದ ಎಂಟು ಮೊಟ್ಟೆಯಿಡುತ್ತದೆ, ಮೂರು ವಾರದೊಳಗೆ ಹೊರಬರುವ ಮರಿಗಳು ತಡಮಾಡದೆ ತಾಯಿಯ ಹಿಂದೆ ಓಡುತ್ತವೆ, ರಾತ್ರಿ ತಂಗಲು ಮುಳ್ಳುಗಿಡವನ್ನೇರುವ ಜಾಣತನವೂ ಅದಕ್ಕುಂಟು. ಪೊದೆಗೆ ಬೆಂಕಿ ಬಿದ್ದರೆ ಬೇರೆಡೆಗೆ ಹೋಗಿ, ಹುಲ್ಲು ಚಿಗುರಿದ ಮೇಲೆ ಮರಳಬಲ್ಲದು. ಬಂಡೆಗೆ ಕಚ್ಚಿಕೊಂಡ ಕಲ್ಲುಹೂವಿಗೆ ಈ ಯಾವ ಉಪಾಯವೂ ಇಲ್ಲ. ಅದರ ಅನೇಕ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಹರಡಿದರೆ ಹೆಚ್ಚು. ನನ್ನ ಅಂಗೈಯಗಲದ ಮಚ್ಚೆ ನನಗಿಂತ ಹಿರಿಯದಿದ್ದೀತು. ಆದ್ದರಿಂದ ಬಂಡೆಗೆ ಸುಣ್ಣ ಬಳಿದು ಘೋಷಣೆ ಬರೆಯುವುದನ್ನು, ಹೆಸರು ಕೆತ್ತುವುದನ್ನು ಕೇವಲ ಅಂದಗೇಡು ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅದೇ ಬಂಡೆಯ ಹಿಂಬದಿಯಲ್ಲಿ ಯಾರೋ ಎರಡು ಹೆಸರುಗಳನ್ನು ಕೆತ್ತಿ, ಕೆಳಗೆ 1998 ಎಂದು ಇಸವಿಯನ್ನೂ ಹಾಕಿದ್ದಾರೆ. ಸುತ್ತಲಿನ ಮಚ್ಚೆಗಳು ಅಕ್ಷರಗಳ ಅಂಚಿನವರೆಗೆ ಬಂದಿವೆ. ಗೀರಿನೊಳಗೆ ಇನ್ನೂ ಬರಿಯ ಕಲ್ಲು.