ಸೈಡ್ ಸ್ಟ್ಯಾಂಡೂ ಕರಾವಳಿಯ ದಾರಿಯೂ

‘ಮಂಗಳೂರಿನಿಂದ ಗೋಕರ್ಣಕ್ಕೆ ಬೈಕಿನಲ್ಲಿ ಎಷ್ಟು ಗಂಟೆ?’ ಕರಾವಳಿಯ ರಸ್ತೆ ಬಲ್ಲವರನ್ನು ಕೆರಳಿಸಲು ಇಷ್ಟು ಕೇಳಿದರೆ ಸಾಕು. ಸುಮಾರು 230 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 66, ಐದು ಗಂಟೆ. ಮುಗಿಯಿತು ಲೆಕ್ಕ. ಇದೇ ಲೆಕ್ಕದವರು ಬೆಳಿಗ್ಗೆ ಕೂಳೂರು ಸೇತುವೆ ದಾಟಿ, ಮಧ್ಯಾಹ್ನ ಗೋಕರ್ಣದಲ್ಲಿ ಊಟಕ್ಕೆ ಕೂತು, ‘ದಾರಿಯಲ್ಲಿ ಸಮುದ್ರವೇ ಕಾಣಲಿಲ್ಲವಲ್ಲ ಮಾರಾಯ್ರೆ’ ಎಂದು ಗೊಣಗುವುದು. ಕಾಣುವುದಾದರೂ ಹೇಗೆ? ಪನ್ವೇಲಿನಿಂದ ಕನ್ಯಾಕುಮಾರಿಗೆ ಹೊರಟ ಹೆದ್ದಾರಿಗೆ ಕಡಲಿನ ಹಂಗೇನೂ ಇಲ್ಲ. ನೋಡುವಂಥ ದಾರಿ ಯಾವುದೆಂದು ಹೇಳುತ್ತೇನೆ, ಸ್ವಲ್ಪ ತಾಳಿ.

ಮರವಂತೆಯೊಂದು ಅಪವಾದ. ಅಲ್ಲಿ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಎಲ್ಲರೂ ಫೋಟೋದಲ್ಲಿ ನೋಡಿದ್ದೇ. ಹೆದ್ದಾರಿ ಎರಡು ಭಾಗವಾದ ಮೇಲೆ ಒಂದು ವಿಷಯ ಮಾತ್ರ ಗಮನಿಸಬೇಕು: ಬಡಗು ದಿಕ್ಕಿಗೆ ಹೋಗುವವರಿಗೆ ಸಮುದ್ರ ಮಗ್ಗುಲಲ್ಲಿ, ತೆಂಕಿಗೆ ಬರುವವರಿಗೆ ಹೊಳೆ ಮಗ್ಗುಲಲ್ಲಿ. ಕಡಲ್ಕೊರೆತಕ್ಕೆ ಹಾಕಿದ ಬಂಡೆರಾಶಿ ನೋಡುವುದಕ್ಕಿಂತ ಹೊಳೆಯ ಕಡೆ ಬರುವುದೇ ವಾಸಿ ಎಂಬುದು ನನ್ನ ಪಕ್ಷ. ಆದರೆ ಡಿವೈಡರಿಗೆ ಒತ್ತಿ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯುವವರನ್ನು ತಪ್ಪಿಸಿಕೊಂಡು ಹೋಗುವ ಗಡಿಬಿಡಿಯಲ್ಲಿ ಎರಡೂ ಕಾಣದೆ ಹೋಗಬಹುದು.

ಬೈಕಿಗೆ ಹೇಳಿ ಮಾಡಿಸಿದ್ದು ಮಲ್ಪೆಯಿಂದ ತೊಟ್ಟಂ, ಹೂಡೆಯ ಮೇಲೆ ಕೋಡಿ ಬೆಂಗ್ರೆಗೆ ಹೋಗುವ ಒಳದಾರಿ. ರಸ್ತೆ ಸಪೂರ. ಎದುರಿಂದ ಬಸ್ಸು ಬಂದರೆ ಅಂಚಿಗೆ ಇಳಿಯಲೇಬೇಕು, ಅಂಚಿನಲ್ಲಿರುವುದು ಹೊಯಿಗೆ, ಅಂದರೆ ಮರಳು. ಹೊಯಿಗೆಗೆ ಇಳಿದ ಮೇಲೆ ಮುಂದಿನ ಬ್ರೇಕ್ ಮುಟ್ಟಿದಿರೋ, ಚಕ್ರ ಹೂತು ಹ್ಯಾಂಡಲ್ ತಿರುಚಿಕೊಳ್ಳುತ್ತದೆ. ಆದ್ದರಿಂದ ವೇಗವನ್ನೆಲ್ಲ ಡಾಂಬರಿನ ಮೇಲೆಯೇ ತಗ್ಗಿಸಿಕೊಂಡು ಇಳಿಯಬೇಕು, ಇಳಿದ ಮೇಲೆ ಹಿಂದಿನ ಬ್ರೇಕ್ ಮಾತ್ರ. ಅಳಿವೆಬಾಗಿಲಿನಲ್ಲಿ ರಸ್ತೆ ಮುಗಿಯುತ್ತದೆ. ಬಾರ್ಜ್ ಓಡುತ್ತಿದ್ದರೆ ಬೈಕ್ ಹತ್ತಿಸಿ ಹಂಗಾರಕಟ್ಟೆಗೆ ದಾಟಬಹುದು. ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಇಲ್ಲಿ ಗಾಡಿ ನಿಲ್ಲಿಸಬೇಕಾಗುತ್ತದಲ್ಲ, ತೊಂದರೆ ಶುರುವಾಗುವುದೇ ಆಗ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ತೂಕ 195 ಕಿಲೋ. ಅದಕ್ಕೆ ಎರಡು ಚೀಲ, ಒಂದು ಟೆಂಟು. ಇಷ್ಟು ಭಾರ ವಾಲಿ ನಿಲ್ಲುವುದು ಸೈಡ್ ಸ್ಟ್ಯಾಂಡಿನ ಎರಡು ಬೆರಳಗಲದ ಕಬ್ಬಿಣದ ಪಾದದ ಮೇಲೆ. ಹೊಯಿಗೆಯಲ್ಲಿ ಅದು ಒಮ್ಮೆಗೇ ಕುಸಿದರೆ ಚಿಂತೆಯಿರಲಿಲ್ಲ, ಕೈಕೊಟ್ಟು ಹಿಡಿಯಬಹುದಿತ್ತು. ಹಾಗೆ ಮಾಡುವುದಿಲ್ಲ. ನೀವು ಚಾ ಅಂಗಡಿಯಲ್ಲಿ ಗೋಳಿಬಜೆ ಮುಗಿಸಿ ಎರಡನೇ ಪ್ಲೇಟ್ ಹೇಳುವ ತನಕ ನೂಲಿನಷ್ಟೇ ನೂಲಿನಷ್ಟೇ ಇಳಿದು, ಆಮೇಲೆ ಮಲಗುತ್ತದೆ. ಬೀಳುವುದು ಎಡಕ್ಕೆ. ಮುರಿಯುವುದು ಕ್ಲಚ್ ಲಿವರ್, ಬಾಗುವುದು ಗೇರ್ ಪೆಡಲ್. ಭಾನುವಾರವಾದರೆ ಬಿಡಿಭಾಗದ ಅಂಗಡಿಗೆ ಬೀಗ.

ಸ್ಟ್ಯಾಂಡಿನಡಿ ಏನಾದರೂ ಇಡಬೇಕೆಂದು ಎಲ್ಲರಿಗೂ ಗೊತ್ತು. ಏನಿಡಬೇಕು ಎಂಬಲ್ಲಿ ಭಿನ್ನಮತ. ಹಂಚಿನ ಚೂರು ಒಡೆಯುತ್ತದೆ. ಮುರಕಲ್ಲಿನ ತುಂಡು, ಅದರಲ್ಲೂ ಮಳೆಯಲ್ಲಿ ನೆನೆದದ್ದು, ಪುಡಿಯಾಗುತ್ತದೆ. ತೆಂಗಿನ ಸಿಪ್ಪೆ ಮಗುಚುತ್ತದೆ. ನೀರಿನ ಬಾಟಲಿ ಚಪ್ಪಟೆ ಮಾಡಿ ಇಡುವವರ ಬಗ್ಗೆ ಮಾತಾಡದಿರುವುದೇ ಒಳ್ಳೆಯದು. ಕರಾವಳಿಯ ಮಟ್ಟಿಗೆ ಎಲ್ಲಕ್ಕಿಂತ ಮೇಲು ಒಣಗಿದ ತೆಂಗಿನ ಮಡಲಿನ ಕೊತ್ತಳಿಗೆ, ಅಂದರೆ ಗರಿಯ ಬುಡದ ದಪ್ಪ ದಿಂಡು. ಅಗಲ ಬುಡದ ಒಂದು ಗೇಣು ತುಂಡನ್ನು ಬೋರಲು ಹಾಕಿ ಇಟ್ಟರೆ ಒಡೆಯುವುದಿಲ್ಲ, ಹೂಳುವುದಿಲ್ಲ, ದುಡ್ಡು ಬೇಡ, ಎಲ್ಲಿ ನೋಡಿದರೂ ಬಿದ್ದಿರುತ್ತದೆ. ಅದು ಬಿದ್ದಿರುವ ಜಾಗದಲ್ಲಿ ತೆಂಗಿನಕಾಯಿಯೂ ಬೀಳುತ್ತದೆ ಎಂಬುದನ್ನು ನೆನಪಿಟ್ಟು ಎರಡು ಮಾರು ಆಚೆ ನಿಲ್ಲಿಸಿ. ಊರೂರಿಗೆ ಹುಡುಕಲು ಬೇಜಾರಾದರೆ ಅಂಗೈಯಗಲದ ದಪ್ಪ ತಗಡಿಗೆ ತೂತು ಕೊರೆದು, ಹುರಿ ಕಟ್ಟಿ, ತುದಿಯನ್ನು ಹ್ಯಾಂಡಲಿಗೆ ಸುತ್ತಿಡಿ. ಹೊರಡುವಾಗ ಸೀಟಿನಿಂದ ಇಳಿಯದೆ ಎಳೆದುಕೊಳ್ಳಬಹುದು. ಹುರಿ ಇಲ್ಲದ ತಗಡು ಮೊದಲ ಸಲವೇ ಅಲ್ಲೇ ಉಳಿಯುತ್ತದೆ.

ಇನ್ನೊಂದು ಉಪಾಯ, ಪ್ರವಾಸಕ್ಕೆ ಮೊದಲೇ ಮಾಡಿಡಬೇಕಾದದ್ದು: ಕ್ಲಚ್ ಲಿವರಿನ ಹಿಡಿಕಟ್ಟಿನ ಬೋಲ್ಟನ್ನು ಜೀವ ಹೋಗುವಂತೆ ಬಿಗಿಯಬೇಡಿ. ಕೈಬಲ ಹಾಕಿ ತಿರುಗಿಸಿದರೆ ಹಿಡಿಕಟ್ಟು ತಿರುಗುವಷ್ಟು ಇರಲಿ. ಬಿದ್ದಾಗ ಲಿವರ್ ಹ್ಯಾಂಡಲಿನ ಸುತ್ತ ತಿರುಗಿಕೊಳ್ಳುತ್ತದೆ, ಮುರಿಯುವುದಿಲ್ಲ. ಸರ್ವಿಸಿಗೆ ಕೊಟ್ಟಾಗಲೆಲ್ಲ ಮೆಕ್ಯಾನಿಕ್ ಕಾಳಜಿಯಿಂದ ಅದನ್ನು ಮತ್ತೆ ಬಿಗಿದು ಕಳಿಸುತ್ತಾನೆ, ಅದು ಬೇರೆ ಮಾತು.

ನೋಡುವಂಥ ದಾರಿಯ ಮಾತಿಗೆ ಇನ್ನೂ ಬಂದಿಲ್ಲ, ಗೊತ್ತು. ಕುಮಟಾದಿಂದ ಗೋಕರ್ಣಕ್ಕೆ ಮಿರ್ಜಾನ್ ಮೇಲೆ ಸುತ್ತಿದರೆ ಮೂವತ್ತು ಕಿಲೋಮೀಟರಿಗೂ ಜಾಸ್ತಿ. ಅದರ ಬದಲು ಅಘನಾಶಿನಿ ಊರಿಗೆ ಹೋಗಿ, ಬಾರ್ಜ್ ಹತ್ತಿ, ಹೊಳೆ ದಾಟಿ ತದಡಿಯಲ್ಲಿ ಇಳಿಯಬಹುದು. ಬಾರ್ಜ್ ಯಾವಾಗ ಬರುತ್ತದೆಂದು ದಕ್ಕೆಯ ಬಳಿಯ ಅಂಗಡಿಯಲ್ಲಿ ಕೇಳಿ, ಮೊಬೈಲಿನಲ್ಲಿ ಹುಡುಕಬೇಡಿ. ಬಾರ್ಜಿನ ಮೇಲೆ ಬೈಕನ್ನು ಮೊದಲ ಗೇರಿಗೆ ಹಾಕಿ ಎಂಜಿನ್ ಆರಿಸಿ. ಹಳೆ ಟ್ಯೂಬಿನ ಒಂದು ಪಟ್ಟಿಯನ್ನು ಮುಂದಿನ ಬ್ರೇಕ್ ಲಿವರಿಗೂ ಗ್ರಿಪ್ಪಿಗೂ ಸೇರಿಸಿ ಬಿಗಿದರೆ ಗಾಡಿ ಮುಂದೆ ಹಿಂದೆ ಜರುಗುವುದಿಲ್ಲ. ಆದರೂ ಪಕ್ಕ ಬಿಟ್ಟು ಹೋಗಬೇಡಿ. ಫೋಟೋಕ್ಕೆಂದು ಎಲ್ಲರೂ ಒಂದೇ ಕಡೆ ಓಡಿದರೆ ಬಾರ್ಜ್ ಅತ್ತ ವಾಲುತ್ತದೆ, ಸ್ಟ್ಯಾಂಡಿನ ಮೇಲಿದ್ದ ಗಾಡಿಯೂ ಅತ್ತಲೇ. ನೀರಿನ ಇಳಿತದ ಹೊತ್ತಿನಲ್ಲಿ ಇಳಿಯುವ ಜಾಗ ಕಡಿದಾಗಿರುತ್ತದೆ, ಕಬ್ಬಿಣದ ಹಲಗೆಯ ಮೇಲೆ ನೀರು, ಅದರಾಚೆ ಪಾಚಿ. ಹಿಂದೆ ಕೂತವರನ್ನು ನಡೆಸಿ, ಮೊದಲ ಗೇರಿನಲ್ಲಿ ಒಂದೇ ಹದದ ಆಕ್ಸಿಲರೇಟರ್ ಕೊಟ್ಟು ಹತ್ತಿಸಿ. ನಡುವೆ ಧೈರ್ಯಗೆಟ್ಟು ಕ್ಲಚ್ ಹಿಡಿದವರೇ ನೀರಿಗೆ ಹತ್ತಿರವಾಗುವುದು.

ಗೋಕರ್ಣದಲ್ಲಿ ರೂಮು ಸಿಕ್ಕ ಕೂಡಲೇ ಬೀಚಿಗೆ ಓಡುವ ಮೊದಲು ಒಂದು ಬಕೆಟ್ ಸಿಹಿನೀರಿನಲ್ಲಿ ಚೈನ್ ತೊಳೆಯಿರಿ. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ, 90 ನಂಬರಿನ ಗೇರ್ ಆಯಿಲನ್ನು ಚೈನಿನ ಒಳಮೈಗೆ, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತ ಹನಿಹನಿಯಾಗಿ ಬಿಡಿ. ಎಂಜಿನ್ ಚಾಲೂ ಇಟ್ಟು ಗೇರಿಗೆ ಹಾಕಿ ಚಕ್ರ ತಿರುಗಿಸುವವರಿದ್ದಾರೆ. ಅವರ ಬೆರಳು ಲೆಕ್ಕ ಮಾಡಿ ನೋಡಬೇಕು. ಆಯಿಲ್ ಹಾಕಿ ರಾತ್ರಿ ಬಿಟ್ಟು, ಬೆಳಿಗ್ಗೆ ಹೆಚ್ಚಾದದ್ದನ್ನು ಒರೆಸಿ. ಒರೆಸುವುದಕ್ಕೆ ಲಾಡ್ಜಿನ ಟವೆಲ್ ಬಳಸಬೇಡಿ. ಬೈಕಿನವರಿಗೆ ರೂಮಿಲ್ಲ ಎಂದು ಕೆಲವು ಕಡೆ ಮುಖ ತಿರುಗಿಸುವುದು ಸುಮ್ಮನೆ ಅಲ್ಲ.