ಆ ಚೌಕದಲ್ಲಿ ಟಿಕ್ ಹಾಕಿಸಿಕೊಂಡದ್ದಾದರೂ ಏಕೆ?

ಇಂದು ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಮನೆಯಲ್ಲಿ, ನನ್ನ ಮೇಜಿನ ಮುಂದೆ ಕುಳಿತು, ನನ್ನದೇ ಇಮೇಲ್ ತೆರೆಯಲು ಹೋದವಳಿಗೆ "ನೀವು ಅಪರಿಚಿತ ಸಾಧನದಿಂದ ಲಾಗಿನ್ ಆಗುತ್ತಿರುವಂತಿದೆ, ಇದು ನೀವೇ ಎಂದು ದೃಢಪಡಿಸಿ" ಎಂಬ ಸೂಚನೆ ಎದುರಾಯಿತು. ಆ ಅಪರಿಚಿತ ಸಾಧನ 2017ರಲ್ಲಿ ಈ ಮೇಜಿನ ಮೇಲೆ ಬಂದು ಕುಳಿತದ್ದು, ಧೂಳು ಒರೆಸುವಾಗ ಒಂದು ಗೇಣು ಅತ್ತಿತ್ತ ಸರಿದದ್ದನ್ನು ಬಿಟ್ಟರೆ ಇಂದಿನವರೆಗೆ ಎಲ್ಲಿಗೂ ಹೋದದ್ದಿಲ್ಲ. ಕಳೆದ ಆಯುಧಪೂಜೆಗೆ ಅದರ ಡಬ್ಬಿಗೆ ಹಚ್ಚಿದ ಕುಂಕುಮ ಇನ್ನೂ ಪೂರ್ತಿ ಅಳಿಸಿಲ್ಲ. ಮಳೆಗಾಲದಲ್ಲಿ ಅದರ ಹಿಂಬದಿಯಿಂದ ಬರುವ ಬಿಸಿಗಾಳಿಗೆ ಮೈಯೊಡ್ಡಿ ಮಲಗುವ ನಮ್ಮ ಬೆಕ್ಕಿಗೂ ಅದರ ಪರಿಚಯವಿದೆ; ಅದರ ಮೂಲಕ ಇಷ್ಟು ವರ್ಷ ಸಾವಿರಾರು ಪತ್ರಗಳನ್ನು ಸಾಗಿಸಿದ ಆ ಮಹಾನ್ ಸಂಸ್ಥೆಗೆ ಮಾತ್ರ ಇಲ್ಲ.

ಅಪರಿಚಿತ ಎನ್ನಲಿ, ಅದಕ್ಕೆ ನನ್ನ ತಕರಾರಿಲ್ಲ. ಪ್ರತಿ ಬಾರಿ ಪರೀಕ್ಷೆ ಮುಗಿದ ಮೇಲೆ ಕೆಳಗೊಂದು ಸಣ್ಣ ಚೌಕ ತೋರಿಸಿ, "ಈ ಸಾಧನವನ್ನು ನಂಬಿ, ಇಲ್ಲಿ ಮತ್ತೆ ಕೇಳಬೇಡಿ" ಎಂಬ ಬರಹದ ಪಕ್ಕದಲ್ಲಿ ನನ್ನಿಂದ ಟಿಕ್ ಹಾಕಿಸಿಕೊಳ್ಳುತ್ತಾರಲ್ಲ, ತಕರಾರಿರುವುದು ಅದರ ಬಗ್ಗೆ. ಆ ಟಿಕ್ಕನ್ನು ಈ ಒಂದು ವರ್ಷದಲ್ಲಿ ನಾನು ಎಷ್ಟು ಸಲ ಹಾಕಿದ್ದೇನೆ ಎಂಬ ಲೆಕ್ಕ ತಪ್ಪಿಹೋಗಿದೆ. ಮತ್ತೆ ಕೇಳುವುದಿಲ್ಲ ಎಂದು ನಾನಾಗಿಯೇ ಅವರಿಂದ ಮಾತು ತೆಗೆದುಕೊಂಡದ್ದಲ್ಲ, ಅವರಾಗಿಯೇ ಕೊಟ್ಟದ್ದು. ಕೊಟ್ಟ ಮೂರನೆಯ ದಿನಕ್ಕೆ ಏನೂ ಆಗಿಲ್ಲವೆಂಬಂತೆ ಮತ್ತೆ ಬಾಗಿಲಲ್ಲಿ ನಿಂತು "ನೀವು ಯಾರು?" ಎನ್ನುತ್ತಾರೆ.

ಪರೀಕ್ಷಿಸುವುದೆಂದರೇನು ಎಂಬುದು ನನಗೆ ತಿಳಿಯದ ವಿಷಯವಲ್ಲ ಎಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. 2020ರ ಜನವರಿ 31ರಂದು ಸ್ವಯಂ ನಿವೃತ್ತಿ ಪಡೆದು ಹೊರಬರುವವರೆಗೆ ನಾನು ದುಡಿದದ್ದು ದೂರವಾಣಿಯಲ್ಲಿ, ಅದರಲ್ಲೂ ಮೊದಲ ಕೆಲವು ವರ್ಷ ಮಲೆನಾಡಿನ ಒಂದು ಸಣ್ಣ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ, ಕಿವಿಗೆ ಹೆಡ್‌ಸೆಟ್ ಏರಿಸಿಕೊಂಡು. ಟ್ರಂಕ್ ಕಾಲ್ ಕಾಲದಲ್ಲಿ ಪಿ.ಪಿ. ಕಾಲ್ ಎಂಬುದೊಂದಿತ್ತು, ಹೆಸರು ಹೇಳಿ ಕರೆದ ವ್ಯಕ್ತಿಯೇ ಆ ಕಡೆ ಸಾಲಿಗೆ ಬಂದಿದ್ದಾರೆಯೇ ಎಂದು ಖಚಿತಪಡಿಸಿಕೊಂಡು ಮಾತಿಗೆ ಬಿಡುವುದು ನಮ್ಮ ಕೆಲಸವಾಗಿತ್ತು. ಒಮ್ಮೆ ಕೇಳುತ್ತಿದ್ದೆವು. ಮೂರು ನಿಮಿಷವಾದಾಗ ಮಾತಿನ ನಡುವೆ ಬಂದು "ಮೂರು ನಿಮಿಷ ಆಯಿತು, ಮುಂದುವರಿಸುವಿರಾ?" ಎಂದು ವಿಚಾರಿಸುತ್ತಿದ್ದೆವು ನಿಜ, ಆದರೆ "ನೀವು ಈಗಲೂ ಅವರೇ ತಾನೇ?" ಎಂದು ಕೇಳುತ್ತಿರಲಿಲ್ಲ. ಹಾಗೆ ಕೇಳಿದ್ದರೆ ಅಡಿಕೆ ಮಂಡಿಯ ಸಾಹುಕಾರರು ಮರುದಿನ ಎಕ್ಸ್‌ಚೇಂಜಿಗೇ ಬಂದು ಕೂಗಾಡುತ್ತಿದ್ದರು. ಅಷ್ಟಕ್ಕೂ ಅವರು ಹಲೋ ಎನ್ನುವ ಮೊದಲು ಬರುತ್ತಿದ್ದ ಕೆಮ್ಮಿನಲ್ಲೇ ನಮಗೆ ಅವರ ಗುರುತು ಸಿಗುತ್ತಿತ್ತು.

ಇರಲಿ, ಬೆಳಗಿನ ಕಥೆಗೆ ಬರುತ್ತೇನೆ. ಶಿವಮೊಗ್ಗದಲ್ಲಿ ವಕೀಲರ ಕಚೇರಿಯಲ್ಲಿ ಕುಳಿತಿದ್ದ ಅಣ್ಣನಿಗೆ ನಮ್ಮ ತಂದೆಯ ಕಾಲದ, 1968ರ ಪಾಲುಪಟ್ಟಿಯ ಪ್ರತಿ ಹನ್ನೊಂದು ಗಂಟೆಯೊಳಗೆ ಬೇಕಿತ್ತು. ಮೂಲ ಕಾಗದ ಮಡಿಕೆಗಳಲ್ಲಿ ಹರಿಯತೊಡಗಿದೆ, ಅದನ್ನು ಪದೇ ಪದೇ ಹೊರಗೆ ತೆಗೆಯುವುದು ಬೇಡವೆಂದು ಅಣ್ಣನ ಮಗ ಹಿಂದೆಯೇ ಆರೂ ಹಾಳೆಗಳನ್ನು ಸ್ಕ್ಯಾನ್ ಮಾಡಿ ನನ್ನ ಮೇಲ್‌ನಲ್ಲಿ ಇಟ್ಟುಕೊಟ್ಟಿದ್ದ. ತೆರೆದು ಮುಂದಕ್ಕೆ ಕಳುಹಿಸಿದರೆ ಎರಡು ನಿಮಿಷದ ಕೆಲಸ.

ಪಾಸ್‌ವರ್ಡ್ ಕೊಟ್ಟೆ, ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೂ ಮೊಬೈಲಿಗೆ ಒಟಿಪಿ ಕಳುಹಿಸಿರುವುದಾಗಿ ಹೇಳಿತು. ತೀರ್ಥಹಳ್ಳಿಯಿಂದ ನಾಲ್ಕು ಕಿಲೋಮೀಟರ್ ದೂರದ ನಮ್ಮ ಮನೆ ತೋಟದ ತಗ್ಗಿನಲ್ಲಿದೆ. ಇಂಟರ್ನೆಟ್ ತಂತಿಯಲ್ಲಿ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಮೊಬೈಲ್ ಸಿಗ್ನಲ್ ಸಿಗುವುದು ಉಪ್ಪರಿಗೆಯ ಪೂರ್ವದ ಕಿಟಕಿಯ ದಂಡೆಯ ಮೇಲೆ ಮಾತ್ರ. ಹಾಗಾಗಿ ನನ್ನ ಗುಂಡಿ ಒತ್ತುವ ಮೊಬೈಲ್ ಹಗಲಿರುಳೂ ಅಲ್ಲಿಯೇ ಇರುತ್ತದೆ, ದೇವರ ಮನೆಯ ದೀಪದ ಹಾಗೆ. (ಸ್ಮಾರ್ಟ್‌ಫೋನ್ ಇಟ್ಟುಕೊಳ್ಳಬಾರದೇ ಎಂದು ಬರೆಯಬೇಡಿ. ಆ ಹಟದ ಬಗ್ಗೆ ನಾವು ಇಲ್ಲಿಯೇ ಎರಡು ಸಲ ಜಗಳವಾಡಿ ಮುಗಿಸಿದ್ದೇವೆ.) ಮರದ ಏಣಿಗೆ ಹದಿನಾಲ್ಕು ಮೆಟ್ಟಿಲು, ನನ್ನ ಮಂಡಿಗೆ ಅರವತ್ತು ದಾಟಿದ ವಯಸ್ಸು. ಹತ್ತಿ ನೋಡಿದರೆ ಸಂದೇಶ ಬಂದಿರಲಿಲ್ಲ. ಕಾದೆ, ಬರಲಿಲ್ಲ. ಇಳಿದು ಬಂದು "ಮತ್ತೊಮ್ಮೆ ಕಳುಹಿಸಿ" ಒತ್ತಿ ಮತ್ತೆ ಹತ್ತಿದೆ. ಅಷ್ಟರಲ್ಲಿ ಎರಡು ಸಂದೇಶಗಳು ಒಟ್ಟಿಗೇ ಬಂದು ಕುಳಿತಿದ್ದವು, ಎರಡರಲ್ಲೂ ಬೇರೆ ಬೇರೆ ಆರು ಅಂಕಿಗಳು, ಯಾವುದು ಹಿರಿದು ಯಾವುದು ಕಿರಿದು ಎಂದು ತಿಳಿಯುವಂತಿಲ್ಲ. ಎರಡನ್ನೂ ಅಂಗೈಯಲ್ಲಿ ಬರೆದುಕೊಂಡು ಇಳಿದೆ. ಮೊದಲನೆಯದು ತಪ್ಪೆಂದಿತು. ಎರಡನೆಯದರ ಸಮಯ ಮೀರಿತ್ತು.

ಆಮೇಲೆ ಶುರುವಾಯಿತು ಚಿತ್ರಪರೀಕ್ಷೆ. ಒಂಬತ್ತು ಚಿತ್ರಗಳಲ್ಲಿ ಫೈರ್ ಹೈಡ್ರಂಟ್ ಇರುವುದನ್ನೆಲ್ಲ ಗುರುತಿಸಬೇಕಂತೆ. ನಾನು ಫೈರ್ ಹೈಡ್ರಂಟನ್ನು ಕಣ್ಣಾರೆ ಕಂಡವಳಲ್ಲ. ಅದು ಅಮೆರಿಕದ ಬೀದಿಗಳ ಅಂಚಿನಲ್ಲಿರುವ ಕೆಂಪು ಗೂಟವೆಂಬುದನ್ನು ನಾನು ಕಲಿತದ್ದೇ ಈ ಪರೀಕ್ಷೆಗಳಿಂದ. ಅದನ್ನು ದಾಟಿದರೆ ಟ್ರಾಫಿಕ್ ಸಿಗ್ನಲ್, ಅದರ ಕಂಬವೂ ಸಿಗ್ನಲ್ಲೇ ಅಲ್ಲವೇ ಎಂಬ ತತ್ತ್ವಜಿಜ್ಞಾಸೆ. ನಾನು ಮನುಷ್ಯಳೆಂದು ಒಂದು ಯಂತ್ರವನ್ನು ನಂಬಿಸುವುದಕ್ಕೆ ಇಷ್ಟು ಪಾಡುಪಟ್ಟ ಮೇಲೆ, "ಹಲವು ಬಾರಿ ಪ್ರಯತ್ನಿಸಿದ್ದೀರಿ, ಕೆಲವು ಗಂಟೆಗಳ ನಂತರ ಬನ್ನಿ" ಎಂದು ಬಾಗಿಲು ಹಾಕಿಕೊಂಡಿತು.

ಇದನ್ನು ಮರೆವು ಎಂದು ಕ್ಷಮಿಸಬಹುದಿತ್ತು, ನಿಜವಾದ ಮರೆವೇ ಆಗಿದ್ದರೆ. ಕಳೆದ ತಿಂಗಳು ಮಿಕ್ಸಿಯ ಜಾರ್ ಒಡೆದಾಗ ಒಂದೇ ಒಂದು ಸಲ, ಇದೇ ಕಂಪ್ಯೂಟರಿನಲ್ಲಿ, ಹೊಸ ಜಾರಿನ ಬೆಲೆ ಎಷ್ಟೆಂದು ನೋಡಿದ್ದೆ. ಅಂದಿನಿಂದ ನಾನು ಯಾವ ಪತ್ರಿಕೆಯ ಪುಟ ತೆರೆದರೂ ಬದಿಯಲ್ಲಿ ಆ ಜಾರ್ ಬಂದು ನಿಲ್ಲುತ್ತದೆ. ಪಂಚಾಂಗ ನೋಡಲು ಹೋದರೂ ಜಾರ್. ವೆಬ್ ಪುಟಗಳಿಗೆ ಬಂದವರನ್ನು ನೆನಪಿಟ್ಟುಕೊಳ್ಳುವ ಶಕ್ತಿಯೇ ಇಲ್ಲದಿದ್ದ 1994ರಲ್ಲಿ, ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯಲ್ಲಿದ್ದ ಲೂ ಮಾಂಟುಲಿ ಎಂಬ ಎಂಜಿನಿಯರ್ ಕುಕಿ ಎಂಬ ಸಣ್ಣ ಚೀಟಿಯನ್ನು ಹುಟ್ಟುಹಾಕಿದ್ದು ಈ ಕೊರತೆಯನ್ನು ನೀಗಿಸಲಿಕ್ಕೆಂದೇ. ನಾವು ಮರಳಿ ಬಂದಾಗ ಇವರು ಮೊನ್ನೆ ಬಂದವರೇ ಎಂದು ಗುರುತಿಸಲಿ ಎಂದು. ಆ ಚೀಟಿ ಇಂದಿಗೂ ಕೆಲಸ ಮಾಡುತ್ತಿದೆ. ಸರಕು ಮಾರಬೇಕಾದಾಗ ನಾನು ಅವರಿಗೆ ಒಡಹುಟ್ಟಿದವಳಿಗಿಂತ ಹೆಚ್ಚು ಪರಿಚಿತಳು, ಒಳಗೆ ಬಿಡಬೇಕಾದಾಗ ಮಾತ್ರ ದಾರಿಹೋಕಳು.

ಅಣ್ಣನ ಮಗ ಬೆಂಗಳೂರಿನಲ್ಲಿ ಇದೇ ಉದ್ಯಮದಲ್ಲಿದ್ದಾನೆ. ಲ್ಯಾಂಡ್‌ಲೈನಿನಲ್ಲಿ ಸಿಕ್ಕಿದ. "ಅತ್ತೆ, ನಿಮ್ಮಲ್ಲಿ ಕರೆಂಟ್ ಹೋಗಿ ಬಂದಿತ್ತಾ?" ಎಂದು ಕೇಳಿದ. ಆಷಾಢದ ಮಳೆಯಲ್ಲಿ ಹೋಗದೆ ಇರುತ್ತದೆಯೇ, ರಾತ್ರಿ ನಾಲ್ಕು ಸಲ ಹೋಗಿ ಬಂದಿತ್ತು. ಪ್ರತಿ ಸಲ ಮೋಡೆಮ್ ಆರಿ ಹತ್ತಿದಾಗ ನಮ್ಮ ಮನೆಗೆ ಇಂಟರ್ನೆಟ್‌ನಲ್ಲಿ ಹೊಸ ಐಪಿ ವಿಳಾಸ ಸಿಗಬಹುದಂತೆ. ಅದೂ ಅಲ್ಲದೆ ವಿಳಾಸಗಳ ಕೊರತೆಯಿಂದಾಗಿ ಕಂಪನಿಗಳು ಒಂದೇ ವಿಳಾಸವನ್ನು ಹತ್ತಾರು ಮನೆಗಳಿಗೆ ಹಂಚುವುದೂ ಉಂಟಂತೆ. ನಾನು ಮೇಜು ಬಿಟ್ಟು ಏಳದಿದ್ದರೂ, ದೂರದಲ್ಲಿ ಕುಳಿತ ಯಂತ್ರಕ್ಕೆ ನಾನು ರಾತ್ರೋರಾತ್ರಿ ನಾಲ್ಕು ಮನೆ ಬದಲಾಯಿಸಿದಂತೆ ಕಾಣುತ್ತದೆ.

ನಂತರ ಅವನು ಇನ್ನೊಂದು ಪ್ರಶ್ನೆ ಕೇಳಿದ, ಅದಕ್ಕೆ ಉತ್ತರಿಸುವಾಗ ನನ್ನ ಧ್ವನಿ ಸ್ವಲ್ಪ ಇಳಿಯಿತು. ಕಂಪ್ಯೂಟರ್ ನಿಧಾನವಾಯಿತೆಂದು ಕಳೆದ ವರ್ಷ ಯಾರದೋ ಮಾತು ಕೇಳಿ ಕಸ ಗುಡಿಸುವ ಒಂದು ಪುಕ್ಕಟೆ ಸಾಫ್ಟ್‌ವೇರನ್ನು ನಾನೇ ಹಾಕಿಕೊಂಡಿದ್ದೆ. ಅದು ಆಗಾಗ ಬ್ರೌಸರಿನ ಕುಕಿಗಳನ್ನೆಲ್ಲ ಬಳಿದು ಹೊರಗೆ ಹಾಕುತ್ತಿತ್ತಂತೆ, ನಾನು ಟಿಕ್ ಹಾಕಿ ಪಡೆದ ನಂಬಿಕೆಯ ಚೀಟಿಯನ್ನೂ ಸೇರಿಸಿ. ಅಂದರೆ ಈ ವರ್ಷದ ಎಷ್ಟೋ ಪರೀಕ್ಷೆಗಳಿಗೆ ಕಾರಣ ನಾನೇ. ಒಪ್ಪಿಕೊಂಡೆ, ಇಲ್ಲಿಯೂ ಎಲ್ಲರ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ. ಆದರೂ ಕೇಳುತ್ತೇನೆ: ಆ ಮಾತು ಒಂದು ಚೀಟಿಯ ಮೇಲೆ ನಿಂತಿದೆ, ಚೀಟಿ ಕಳೆದರೆ ಮಾತೂ ಹೋಯಿತು ಎಂಬುದನ್ನು ಆ ಚೌಕದ ಪಕ್ಕದಲ್ಲಿ ಒಂದು ಸಾಲು ಬರೆಯಲು ಇವರಿಗೇನು ಕಷ್ಟ? ಮಿಕ್ಸಿ ಜಾರಿನ ನೆನಪು ಮಾತ್ರ ಅದೇ ಪೊರಕೆಗೆ ಸಿಗದೆ ಹೇಗೆ ಉಳಿಯಿತು?

"ಎಲ್ಲ ನಿಮ್ಮ ಸುರಕ್ಷತೆಗೇ ಅತ್ತೆ" ಎಂದ. ಈ ಮಾತು ಬರುತ್ತದೆಂದು ನನಗೆ ಗೊತ್ತಿತ್ತು, ನಿಮ್ಮಲ್ಲೂ ಕೆಲವರು ಈಗಾಗಲೇ ಟೈಪ್ ಮಾಡತೊಡಗಿರುತ್ತೀರಿ. ಪಾಸ್‌ವರ್ಡ್ ಒಂದನ್ನೇ ನಂಬಿಕೊಂಡರೆ ಅದು ಎಲ್ಲೋ ಸೋರಿದ ದಿನ ಮನೆ ಬಯಲಾಗುತ್ತದೆ, ಎರಡನೆಯ ಬೀಗ ಬೇಕು ಎಂಬುದು ಸರಿ. ಹಣದ ವಿಷಯದಲ್ಲಂತೂ ನನ್ನ ಎರಡು ಮಾತಿಲ್ಲ. ಕಾರ್ಡನ್ನು ತೋರಿಸದೆ ಆನ್‌ಲೈನಿನಲ್ಲಿ ಮಾಡುವ ಪಾವತಿಗೆ ರಿಸರ್ವ್ ಬ್ಯಾಂಕ್ 2009ರಲ್ಲೇ ಇನ್ನೊಂದು ಹಂತದ ದೃಢೀಕರಣವನ್ನು ಕಡ್ಡಾಯ ಮಾಡಿದ್ದು ಒಳ್ಳೆಯದೇ ಆಯಿತು. ಆದರೆ ಅದೇ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನಗಳು, ಬಳಕೆದಾರರ ಸ್ಥಳ, ಸಾಧನ, ಎಂದಿನ ರೂಢಿ ಇವನ್ನೆಲ್ಲ ನೋಡಿ, ಅಪಾಯ ಹೆಚ್ಚೆನಿಸಿದ ಕಡೆ ಹೆಚ್ಚಿನ ತಪಾಸಣೆ ಮಾಡಬಹುದೆಂಬ ದಾರಿಯನ್ನೂ ತೋರಿಸುತ್ತವೆ. ಹಣ ಹೊರಗೆ ಹೋಗುವಾಗ ಕೇಳುವುದಕ್ಕೂ, ಕರೆಂಟ್ ಬಿಲ್ ಎಷ್ಟು ಬಂದಿದೆ ಎಂದು ನೋಡಲು ಕೇಳುವುದಕ್ಕೂ ವ್ಯತ್ಯಾಸ ಬೇಡವೇ? ನನ್ನ ಕರೆಂಟ್ ಬಿಲ್ಲನ್ನು ಕದ್ದು ನೋಡುವ ಕಳ್ಳ ದಯವಿಟ್ಟು ಅದನ್ನು ಕಟ್ಟಿಯೂ ಹೋಗಲಿ.

ಇನ್ನು ಸುರಕ್ಷತೆಯ ಮಾತು. ನಾವು ದಿನವೂ ಓದುವ ವಂಚನೆಗಳಲ್ಲಿ ಯಾವ ಕಳ್ಳ ತೋಟದ ತಗ್ಗಿಗೆ ಇಳಿದು ಬಂದು ನನ್ನ ಮೇಜಿನ ಮುಂದೆ ಕುಳಿತಿದ್ದಾನೆ? ಅವನು ಫೋನ್ ಮಾಡುತ್ತಾನೆ, ಬ್ಯಾಂಕಿನವನೆಂದೋ ಪೊಲೀಸನೆಂದೋ ಹೇಳುತ್ತಾನೆ, ನಾವೇ ಒಟಿಪಿಯನ್ನು ಒಂದೊಂದೇ ಅಂಕಿಯಾಗಿ ಅವನಿಗೆ ಓದಿ ಹೇಳುತ್ತೇವೆ. ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ದೋಚುವ ಪ್ರಕರಣಗಳಲ್ಲಂತೂ ಹಣವನ್ನು ಸ್ವತಃ ಖಾತೆದಾರರೇ, ಸ್ವಂತ ಕೈಯಿಂದ, ಎಲ್ಲ ಬೀಗಗಳನ್ನೂ ಕ್ರಮವಾಗಿ ತೆಗೆದು ಕಳುಹಿಸಿರುತ್ತಾರೆ. ಸಂಖ್ಯೆ ಕೇಳಿದೊಡನೆ ಕೊಟ್ಟುಬಿಡುವ ಈ ಅಭ್ಯಾಸ ನಮಗೆ ಎಲ್ಲಿಂದ ಬಂತೆಂದು ಯೋಚಿಸಿದ್ದೀರಾ? ದಿನಕ್ಕೆ ಹತ್ತು ಕಡೆ ಕೇಳಿ ಕೇಳಿ ನಮ್ಮನ್ನು ಪಳಗಿಸಿಟ್ಟವರು ಇವರೇ. ಹನ್ನೊಂದನೆಯವನು ಕಳ್ಳನೆಂದು ಬೇಸತ್ತ ತಲೆಗೆ ಹೊಳೆಯುವುದು ಹೇಗೆ? ಇದು ಹಳ್ಳಿಯ ಮುದುಕಿಯರ ಪಾಡು ಮಾತ್ರವೆಂದುಕೊಳ್ಳಬೇಡಿ. 2022ರ ಸೆಪ್ಟೆಂಬರಿನಲ್ಲಿ ಉಬರ್ ಕಂಪನಿಯ ಒಳಗೆ ಹ್ಯಾಕರ್ ನುಗ್ಗಿದ್ದು ಹೀಗೆಯೇ: ಅವರಿಗಾಗಿ ಗುತ್ತಿಗೆಯಲ್ಲಿ ದುಡಿಯುತ್ತಿದ್ದ ಒಬ್ಬರಿಗೆ "ಲಾಗಿನ್ ಒಪ್ಪುವಿರಾ" ಎಂಬ ಕೋರಿಕೆ ಒಂದರ ಹಿಂದೊಂದು ಬಂದು, ಕೊನೆಗೆ ಅವರು ಒಂದಕ್ಕೆ ಹೂಂ ಎಂದುಬಿಟ್ಟರು. ಅಲ್ಲಿ ಆ ವಿಧಾನವನ್ನು ಬಳಸಿದವನು ಕಳ್ಳ, ಇಲ್ಲಿ ಮಾಲೀಕರೇ ಬಳಸುತ್ತಿದ್ದಾರೆ, ಅಷ್ಟೇ.

ಪಾಲುಪಟ್ಟಿ ಏನಾಯಿತೆಂದು ಹೇಳಲಿಲ್ಲ. ಹತ್ತು ಗಂಟೆ ದಾಟಿತ್ತು. ಅಟ್ಟದ ಕಬ್ಬಿಣದ ಪೆಟ್ಟಿಗೆಯಿಂದ ಮೂಲ ಕಾಗದವನ್ನೇ ತೆಗೆದು, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ, ಆಟೋ ಹಿಡಿದು ಸುರಿವ ಮಳೆಯಲ್ಲಿ ಪೇಟೆಯ ಜೆರಾಕ್ಸ್ ಅಂಗಡಿಗೆ ಹೋದೆ. ಒಳಗೆ ಕಾಲಿಡಲು ಜಾಗವಿಲ್ಲ, ಆಧಾರ್ ಪ್ರತಿಗೆ ಬಂದವರು, ಹಾಲ್ ಟಿಕೆಟಿಗೆ ಬಂದ ಮಕ್ಕಳು. ಹುಡುಗ ಆರು ಹಾಳೆಗಳನ್ನೂ ಬಿಡಿಸಿ ಸ್ಕ್ಯಾನರಿನ ಗಾಜಿನ ಮೇಲಿಟ್ಟು ಒತ್ತಿದ. ನಾಲ್ಕನೆಯ ಹಾಳೆಯ ಮಡಿಕೆ ಇನ್ನೊಂದು ಬೆರಳಿನಷ್ಟು ಹರಿಯಿತು. ಅವನ ಕಂಪ್ಯೂಟರಿನಲ್ಲಿ ಅಂಗಡಿಯ ಇಮೇಲ್ ಬೆಳಗಿನಿಂದ ತೆರೆದೇ ಇತ್ತು. ಅದರಲ್ಲಿ ಯಾರ್‍ಯಾರದೋ ಪಹಣಿ, ಯಾರದೋ ಅಂಕಪಟ್ಟಿ, ಯಾರದೋ ಪಾಸ್‌ಬುಕ್ಕಿನ ಮೊದಲ ಪುಟ. "ಮುಚ್ಚುವುದಿಲ್ಲವೇನಪ್ಪ ಇದನ್ನು?" ಎಂದು ಕೇಳಿದೆ. "ಮುಚ್ಚಿದ್ರೆ ಮತ್ತೆ ಒಟಿಪಿ ಕೇಳ್ತದೆ ಮೇಡಂ, ಫೋನ್ ಓನರ್ ಹತ್ರ ಇರ್ತದೆ" ಎಂದ. ಅರವತ್ತು ರೂಪಾಯಿ ತೆಗೆದುಕೊಂಡ. ನಮ್ಮ ಮನೆತನದ ಆಸ್ತಿಯ ವಿವರ ಈಗ ಅವನ ಮೇಲ್‌ನಲ್ಲೂ, ಅವನ ಡೆಸ್ಕ್‌ಟಾಪಿನಲ್ಲೂ ಇದೆ.

ಸಂಜೆ ಮತ್ತೆ ಪ್ರಯತ್ನಿಸಿದೆ. ಅಣ್ಣನ ಮಗ ಲ್ಯಾಂಡ್‌ಲೈನಿನಲ್ಲೇ ಇದ್ದು ಹೇಳಿದಂತೆ ಮಾಡಿದೆ, ಏಣಿಯನ್ನು ಒಮ್ಮೆ ಮಾತ್ರ ಹತ್ತಿ ಇಳಿದೆ, ಖಾತೆ ತೆರೆಯಿತು. ಚೌಕದಲ್ಲಿ ಟಿಕ್ ಕೂಡ ಹಾಕಿದೆ, ನಾಚಿಕೆಯಿಲ್ಲದೆ. ಒಳಗೆ ಮೊದಲ ಪತ್ರವೇ ಅವರದ್ದಾಗಿತ್ತು: ಇಂದು ಬೆಳಿಗ್ಗೆ ನಿಮ್ಮ ಖಾತೆಯನ್ನು ಪ್ರವೇಶಿಸಲು ಪದೇ ಪದೇ ಪ್ರಯತ್ನಿಸಿದವರು ನೀವೇ? ಕೆಳಗೆ ಎರಡು ಗುಂಡಿಗಳು. ಬೆಳಗಿನಿಂದ ಒಳಗೆ ಕುದಿಯುತ್ತಿದ್ದದ್ದೆಲ್ಲ ಬೆರಳಿಗೆ ಬಂದು "ಅಲ್ಲ, ನಾನಲ್ಲ" ಎಂಬುದನ್ನು ಒತ್ತಿಬಿಟ್ಟೆ.

ಸುರಕ್ಷತೆಯ ದೃಷ್ಟಿಯಿಂದ ಖಾತೆಯನ್ನು ಅವರು ಆ ಕ್ಷಣವೇ ಮುಚ್ಚಿದರು. ಶನಿವಾರ ಅಣ್ಣನ ಮಗ ಊರಿಗೆ ಬರುತ್ತಾನಂತೆ. ಅಲ್ಲಿಯವರೆಗೆ ದಯವಿಟ್ಟು ಯಾರೂ ನನಗೆ ಮೇಲ್ ಕಳುಹಿಸಬೇಡಿ, ಲ್ಯಾಂಡ್‌ಲೈನಿಗೆ ಕರೆ ಮಾಡಿ.